ಆಚೆ ದಡದ ಬಾತು

ಬಟ್ಟೆ ಸೋಪಿನ ವಾಸನೆ ಬಂದರೆ ನನಗೆ ಈಗಲೂ ದೇವರಾಯಸಮುದ್ರದ ಕೆರೆ ನೆನಪಾಗುತ್ತದೆ.

ಚಳಿಗಾಲದ ಒಂದು ಮಧ್ಯಾಹ್ನ. ಗಂಡನ ಮನೆಯಿಂದ ಉಟ್ಟ ಸೀರೆಯಲ್ಲೇ ಬಂದುಬಿಟ್ಟಿದ್ದ ನನ್ನ ಸೋದರತ್ತೆ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮೇಲೆ ಬಂಡೆಯ ತುದಿಯಲ್ಲಿ ಯಾವನೋ ಪೇಟೆಯವನು ದುರ್ಬೀನು ಹಿಡಿದು ನಿಂತಿದ್ದ. ಅತ್ತೆ ಸೋಪಿನ ಕೈಯಲ್ಲೇ ಬಂಡೆ ಹತ್ತಿ ಅವನ ಕೊರಳಪಟ್ಟಿ ಹಿಡಿದಳು.

“ಸಿಗ್ಗಿಲ್ವೇನ್ಲಾ ನಿಂಗೆ? ಬಟ್ಟೆ ಒಗೆಯೋ ಹೆಂಗಸ್ರನ್ನ ನೋಡ್ತೀಯಾ?”

“ಬಾತು ನೋಡ್ತಿದ್ದೀನಮ್ಮಾ. ಹಿಮಾಲಯ ದಾಟಿ ಬಂದಿರೋವು. ಬೇಕಾದ್ರೆ ನೀವೇ ನೋಡಿ.”

ಅತ್ತೆ ದುರ್ಬೀನು ಕಿತ್ತುಕೊಂಡು ಕಣ್ಣಿಗಿಟ್ಟಳು. ಅದು ನೀರಿನ ಮೇಲಿಂದ ಮೆಲ್ಲಗೆ ಸರಿದು, ಆಚೆ ದಡದಲ್ಲಿದ್ದ ಅವಳ ಗಂಡನ ಮನೆಯ ಕಡೆ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು. ಆಮೇಲೆ ಅದನ್ನು ಅವನ ಎದೆಗೆ ತಳ್ಳಿ ದಡದಡ ಕೆಳಗಿಳಿದಳು.

“ಬಾತು ಕಾಣಿಸ್ತಾ ಅತ್ತೆ?” ಎಂದೆ.

ಒದ್ದೆ ಬಟ್ಟೆಯನ್ನು ಕಲ್ಲಿಗೆ ಅಪ್ಪಳಿಸಿದಳು.

“ಕಾಣಿಸ್ತು. ನನ್ನ ಹಸಿರು ಸೀರೆ ಉಟ್ಕೊಂಡು ಹಿತ್ತಲಲ್ಲಿ ಬಟ್ಟೆ ಒಣಗಾಕ್ತಾ ಇತ್ತು.”