ಹರಿಗೋಲಿನ ಹುಟ್ಟು

“ನೀರಿನ ವಿಷ್ಯದಲ್ಲಿ ನನ್ನ ತಪ್ಪು ಹಿಡಿದ ದಿನ ಹುಟ್ಟು ನಿನ್ನ ಕೈಗೆ” ಎಂದು ಸಣ್ಣಸ್ವಾಮಿ ಮಗಳಿಗೆ ಮಾತು ಕೊಟ್ಟಾಗ, ಹರಿಗೋಲಿನ ಅಂಚು ಅವಳ ಎದೆಮಟ್ಟಕ್ಕೆ ಬರುತ್ತಿತ್ತು. ಈಗ ಲಿಂಗಮ್ಮ ಅಪ್ಪನ ಭುಜಕ್ಕೆ ಬೆಳೆದಿದ್ದಳು. ಹುಟ್ಟು ಮಾತ್ರ ಇನ್ನೂ ಅಪ್ಪನ ಕೈಯಲ್ಲೇ ಇತ್ತು.

ಸಣ್ಣಸ್ವಾಮಿ ಹೊಳೆದಂಡೆಯ ಮರಳಿನ ಮೇಲೆ ಬೆರಳಿನಿಂದ ಒಂದು ಕೆರೆ ಬರೆದ. ಮಾರನೆಯ ದಿನ ಅವನೂ ಭಾವಮೈದುನ ಪುಟ್ಟರಾಜುವೂ ಹೊಳೆಯಾಚೆ, ಮೈಸೂರು ರಾಜ್ಯದ ಕೆರೆಗಳಿಗೆ ಕೊರವ ಮೀನು ಹಿಡಿಯಲು ಹೊರಟಿದ್ದರು. ಅಲ್ಲಿಯವರೆಗೆ ಇಬ್ಬರೂ ಮೀನು ಹಿಡಿದದ್ದೆಲ್ಲ ಕಾವೇರಿಯಲ್ಲೇ.

“ಹರಿಗೋಲನ್ನ ಮೇಲ್ಗಡೆಯಿಂದ ಬಿಡಾಣ. ನಾವು ಸುಮ್ನೆ ಕೂತ್ರೆ ಸಾಕು, ನೀರೇ ಕೆಳಕ್ಕೆ ಕರ್ಕಂಡ್ ಹೋಯ್ತದೆ.”

“ಸರಿ ಭಾವ. ಹರಿಗೋಲು ಹೇರೋ ಗಾಡಿ ಕೆಳಗಡೆ ಕಾಯ್ಲಿ,” ಎಂದ ಪುಟ್ಟರಾಜು.

ಗಾಳಕ್ಕೆ ಕಪ್ಪೆ ಹಿಡಿದು ತಂದ ಲಿಂಗಮ್ಮ ಬಗ್ಗಿ ನೋಡಿದಳು. “ಅಪ್ಪಾ, ಕೆರೇಲಿ ಮೇಲ್ಯಾವ್ದು, ಕೆಳಗ್ಯಾವ್ದು? ಅಲ್ಲಿ ನೀರು ನಿಂತಿರ್ತದೆ. ಹುಟ್ಟು ಹಾಕ್ದೆ ಕೂತ್ರೆ ಸಂಜೆಗಂಟ ಅಲ್ಲೇ ಇರ್ತೀರಿ.”

“ಇವ್ಳು ನಮಗೇ ನೀರು ಕಲಿಸ್ತಾಳಲ್ಲ ಭಾವ,” ಎಂದು ಪುಟ್ಟರಾಜು ನಕ್ಕ.

ಸಣ್ಣಸ್ವಾಮಿ ತಾನು ಬರೆದ ಕೆರೆಯನ್ನು ಒಂದು ಗಳಿಗೆ ದಿಟ್ಟಿಸಿದ. ಆಮೇಲೆ ಅವನ ಮೀಸೆಯಂಚಿನಲ್ಲಿ ನಗು ಮೂಡಿತು. “ಕಲಿಸ್ಲಿ ಬಿಡೋ. ಯಾರ ಮಗಳು ಅಂದ್ಕಂಡೆ? ನಾಳೆ ನಾವಿಬ್ರೂ ಗಾಳ ಹಿಡ್ಕಂಡು ಬಾಯಿ ಮುಚ್ಕಂಡು ಕೂರೋದು.”

ಅವನು ಹುಟ್ಟನ್ನು ಎತ್ತಿ ಮಗಳ ಕೈಗೆ ಕೊಟ್ಟ. ಕೊಟ್ಟ ಮಾತು ಉಳಿಸಿಕೊಂಡ.