ಅತ್ತೆಯ ಕಾಯಿಲೆಗಳು

ಸೊಸೆ ಪುಸ್ತಕ ತೆರೆದಳು. ಒಳಕೋಣೆಯಲ್ಲಿ ಅತ್ತೆಗೆ ಎದೆನೋವು ಶುರುವಾಯಿತು.

"ಅಯ್ಯೋ, ಸತ್ತೆ! ಎಡಗೈ ಜೋಮು ಹಿಡೀತಿದೆ! ದವಡೆಗೂ ಎಳೀತಿದೆ!"

ನಿವೃತ್ತಿಯಾಗುವವರೆಗೂ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳನ್ನು ಕೂಗಿದ ಗಂಟಲು ಅದು. ಮೈಕು ಅಲ್ಲೇ ಉಳಿದಿತ್ತು, ಗಂಟಲು ಮನೆಗೆ ಬಂದಿತ್ತು. ಪಕ್ಕದ ಮನೆಯ ನಾಯಿ ಎದ್ದು ಕೂತಿತು.

ಸೊಸೆ ಓಡಿದಳು. ಒರಗಿಸಿ ಕೂರಿಸಿದಳು, ರವಿಕೆ ಸಡಿಲಿಸಿದಳು, ನಾಡಿ ಹಿಡಿದಳು. ನಾಡಿ ಗಡಿಯಾರದ ಹಾಗೆ ನಡೆಯುತ್ತಿತ್ತು.

"ಈಗ ಹೇಗಿದೆ ಅತ್ತೆ?"

"ನೀನು ಬಂದ್ಯಲ್ಲ, ಕಡಿಮೆ ಆಯ್ತು," ಎಂದು ಅತ್ತೆ ಎದ್ದು ಚಹಾಕ್ಕೆ ನೀರಿಡಲು ಹೋದರು.

ಸೊಸೆ ಹಲ್ಲು ಕಚ್ಚಿಕೊಂಡಳು. ನರ್ಸಿಂಗ್ ಪರವಾನಗಿ ಪರೀಕ್ಷೆಯಲ್ಲಿ ಅವಳು ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು. ಇದು ಕೊನೆಯ ಅವಕಾಶ. ಇದೂ ಹೋದರೆ ಆಸ್ಪತ್ರೆಯವರು ಹಾಸಿಗೆ ಬಟ್ಟೆ ಬದಲಿಸುವುದಕ್ಕೂ ಇಟ್ಟುಕೊಳ್ಳುವುದಿಲ್ಲ. ಓದಿದ್ದೆಲ್ಲ ಬಾಯಿಪಾಠ. ಆದರೆ 'ನಾಲ್ವರು ರೋಗಿಗಳು, ಮೊದಲು ಯಾರು?' ಎಂಬ ಪ್ರಶ್ನೆ ಕಣ್ಣಿಗೆ ಬಿದ್ದ ಕೂಡಲೇ ತಲೆ ಖಾಲಿ ಕೊಡ. ವಾರ್ಡಿನಲ್ಲಿ ಹುಲಿ, ಪರೀಕ್ಷೆಯಲ್ಲಿ ಇಲಿ.

ಅತ್ತೆಗೆ ಅದೆಲ್ಲ ಗೊತ್ತು. "ಇವಳು ಪಾಸಾದ್ರೆ ಅಡುಗೆಮನೆ ನನ್ನ ತಲೆಗೇ ಕಟ್ಟಿದ ಹಾಗೆ," ಎಂದು ಮಾವನ ಹತ್ತಿರ ಗೊಣಗಿದ್ದನ್ನು ಸೊಸೆ ಕಿವಿಯಾರೆ ಕೇಳಿದ್ದಳು.

ಎದೆನೋವು ಹೋಯಿತು, ಉಬ್ಬಸ ಬಂತು. ಉಬ್ಬಸ ಹೋಯಿತು, ಹೊಟ್ಟೆನೋವು ಬಂತು.

"ಬಲಗಡೆ, ಕೆಳಗೆ. ಒತ್ತಿದಾಗ ಅಲ್ಲ, ಕೈ ತೆಗೆದಾಗ ಪ್ರಾಣ ಹೋಗುತ್ತೆ. ಬಿಸಿನೀರಿನ ಚೀಲ ಇಡೇ."

"ಇಡಬಾರದು ಅತ್ತೆ."

"ಯಾಕೆ? ನನಗೆ ಅಷ್ಟು ಸುಖನೂ ಕೊಡಬಾರದಾ?"

"ಒಳಗೆ ಅಪೆಂಡಿಕ್ಸ್ ಊದಿಕೊಂಡಿದ್ರೆ ಬಿಸಿಗೆ ಒಡೆದು ಹೋಗುತ್ತೆ!"

"ಹಾಗೋ," ಎಂದು ಅತ್ತೆ ಮಗ್ಗುಲು ಬದಲಿಸಿ ಗೊರಕೆ ಹೊಡೆದರು.

ಸೊಸೆ ಗಂಡನಿಗೆ ದೂರು ಕೊಟ್ಟಳು. "ನಿಮ್ಮಮ್ಮನಿಗೆ ಇರೋದು ಒಂದೇ ರೋಗ. ನಾನು ಓದೋದು ಸಹಿಸದ ರೋಗ." ಗಂಡ ಕೆಮ್ಮಿದ. ಅಮ್ಮ, ಹೆಂಡತಿಯ ನಡುವೆ ಸಿಕ್ಕವನಿಗೆ ಕೆಮ್ಮೇ ಮಾತೃಭಾಷೆ.

ಪರೀಕ್ಷೆಗೆ ಮುಂಚಿನ ಭಾನುವಾರವಂತೂ ಮನೆ ಸಂತೆಯಾಯಿತು. ಗಂಡ ಬೆರಳು ಕೊಯ್ದುಕೊಂಡು ಬಟ್ಟೆ ಸುತ್ತಿಕೊಂಡು ಕುಣಿಯುತ್ತಿದ್ದ. ಮಾವ ಕೈ ಸುಟ್ಟಿತೆಂದು ಬೊಬ್ಬೆ ಇಡುತ್ತಿದ್ದರು. ಪಕ್ಕದ ಮನೆಯಾಕೆ ಕಾಲು ಉಳುಕಿಸಿಕೊಂಡು ಬಾಗಿಲಲ್ಲೇ ಕುಸಿದು ಕೂತಿದ್ದಳು. ಅತ್ತೆ ಮಾತ್ರ ಮೂಲೆಯ ಕುರ್ಚಿಯಲ್ಲಿ ತೆಪ್ಪಗಿದ್ದರು. ಹಣೆ ಒದ್ದೆ. ಆ ಗಂಟಲಿನಿಂದ ಒಂದು ಸದ್ದಿಲ್ಲ.

ಸೊಸೆ ಮೂವರನ್ನೂ ದಾಟಿ ಅತ್ತೆಯ ಹತ್ತಿರ ಹಾರಿದಳು.

"ನಿನ್ನ ಗಂಡನ ಕೈ ಕೊಯ್ದಿದೆ, ನನ್ನ ಹತ್ರ ಯಾಕೆ ಬಂದೆ?" ಅತ್ತೆ ಮೆಲ್ಲಗೆ ಕೇಳಿದರು.

"ಕೂಗೋರಿಗೆ ಉಸಿರಾದ್ರೂ ಇದೆ. ನೀವು ಸುಮ್ಮನಿದ್ರಿ. ನೀವು ಸುಮ್ಮನಿರೋದು ಅಂದ್ರೆ ಹುಡುಗಾಟವಾ?"

ಅತ್ತೆ ಎದ್ದು ಹಣೆ ಒರೆಸಿಕೊಂಡರು. ಗಂಡನ ಬೆರಳಿಗೆ ಸುತ್ತಿದ ಬಟ್ಟೆ ಬಿಚ್ಚಿದರೆ ಇರುವೆ ಕಚ್ಚಿದಷ್ಟು ಗೀರು. ಪಕ್ಕದ ಮನೆಯಾಕೆ ನೆಟ್ಟಗೆ ನಡೆದುಕೊಂಡೇ ಹೋದಳು. ಇಡೀ ಬೀದಿಯೇ ತನ್ನ ಮೇಲೆ ಬಿದ್ದಿದೆ ಎಂದು ಸೊಸೆ ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಅತ್ತಳು.

ಪರೀಕ್ಷೆಯ ಕೋಣೆಯಲ್ಲಿ ಅವಳು ಮೊದಲ ಪ್ರಶ್ನೆ ಓದಿದಳು. ಎದೆನೋವು, ಎಡಗೈ, ದವಡೆ. ಇನ್ನೊಮ್ಮೆ ಓದಿದಳು. ಮುಂದಿನದು ಉಬ್ಬಸ. ಅದರ ಮುಂದೆ ನಾಲ್ವರು ರೋಗಿಗಳು. ಅವಳಿಗೆ ನಗು ಬಂದುಬಿಟ್ಟಿತು. ಮೇಲ್ವಿಚಾರಕರು ದುರುಗುಟ್ಟಿ ನೋಡಿದರು.

ಪಾಸಾದಳು.

ಫಲಿತಾಂಶದ ಹಾಳೆ ಹಿಡಿದು ಮನೆಗೆ ಬರುವಾಗ ದಾರಿಯುದ್ದಕ್ಕೂ ಮಾತು ಮಸೆದುಕೊಂಡಳು. ಇಷ್ಟೆಲ್ಲ ಅಡ್ಡಗಾಲು ಹಾಕಿದರೂ ಗೆದ್ದೆ ನೋಡಿ, ಇನ್ನು ಅಡುಗೆಮನೆ ನಿಮ್ಮದೇ, ಹೊಟ್ಟೆ ತುಂಬ ಆಳಿಕೊಳ್ಳಿ. ಹೊಸ್ತಿಲು ದಾಟಿ ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹಾಳೆ ಕಿತ್ತುಕೊಂಡರು. ಕನ್ನಡಕ ಏರಿಸಿ, ಒಂದೊಂದು ವಿಷಯದ ಮೇಲೂ ಬೆರಳಿಟ್ಟು ಓದಿದರು. ಎಲ್ಲದರಲ್ಲೂ ಅಂಕ ಚೆನ್ನಾಗಿತ್ತು. ಪ್ರಸೂತಿ ವಿಭಾಗದಲ್ಲಿ ಮಾತ್ರ ಕೂದಲೆಳೆಯಲ್ಲಿ ಪಾರು. ಅಲ್ಲಿ ಬೆರಳು ನಿಂತಿತು.

ಅತ್ತೆ ಹಣೆ ಚಚ್ಚಿಕೊಂಡರು. "ಇದು ನನ್ನ ತಪ್ಪೇ ಕಣೇ. ನಿನ್ನ ಪುಸ್ತಕ ನೋಡಿ ಮಿಕ್ಕ ಪಾಠನೆಲ್ಲ ಆಡಿ ತೋರಿಸಿದೆ. ಆದ್ರೆ ಈ ವಯಸ್ಸಲ್ಲಿ ಹೆರಿಗೆ ನೋವು ಅಂತ ಕೂಗಿದ್ರೆ, ನಿಮ್ಮ ಮಾವ ಬೀದೀಲಿ ತಲೆ ಎತ್ತಿ ಓಡಾಡೋದು ಹೇಗೆ ಹೇಳು?"