ಹೂಂಗುಟ್ಟಬೇಡ

ತಾರಸಿಯ ಸಾಮಾನು ಕೋಣೆಗೆ ಸೇರಿ ಒಳಗಿನಿಂದ ಚಿಲಕ ಹಾಕಿಕೊಂಡ ಮೇಲೆ, ಅಮ್ಮ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಕೆಳಗೆ ಮನೆಯಲ್ಲಿ ಅಪ್ಪ ಇಬ್ಬರ ಹೆಸರನ್ನೂ ಕೂಗುತ್ತ ಪಾತ್ರೆಗಳನ್ನು ಗೋಡೆಗೆ ಎಸೆಯುತ್ತಿದ್ದ.

“ಕಥೆ ಹೇಳಮ್ಮಾ.”

“ಹೇಳ್ತೀನಿ. ಆದ್ರೆ ಇವತ್ತು ನೀನು ಹೂಂಗುಟ್ಟಬಾರದು.”

“ಕೇಳೋರು ಹೂಂ ಅನ್ನದಿದ್ರೆ ಕಥೆ ಮುಂದಕ್ಕೆ ಹೋಗಲ್ಲ ಅಂತ ನೀನೇ ಹೇಳಿದ್ದೆ!”

“ಇವತ್ತು ನನ್ನ ಬೆರಳು ಹಿಸುಕು ಸಾಕು ಪುಟ್ಟೀ, ಹೋಗತ್ತೆ.”

ಪಿಸುದನಿಯಲ್ಲೇ ಕಥೆ ನಡೆಯಿತು. ರಾಜಕುಮಾರಿ ರಾಕ್ಷಸನ ಕೋಟೆಯಿಂದ ತಪ್ಪಿಸಿಕೊಂಡು ಏಳು ಕಾಡು ದಾಟಿದಳು. ಮಾತು ಮಾತಿಗೂ ಪುಟ್ಟ ಕೈ ಅಮ್ಮನ ಬೆರಳನ್ನು ಹಿಸುಕುತ್ತಿತ್ತು. ಅಷ್ಟರಲ್ಲಿ ಕೆಳಗಿನ ಸದ್ದು ನಿಂತಿತು. ಮುಂಬಾಗಿಲು ದಡಾರನೆ ಮುಚ್ಚಿಕೊಂಡಿತು. ಅಪ್ಪ ಹೊರಗೆ ಹೋದನೆಂದು ಅಮ್ಮ ಉಸಿರು ಬಿಟ್ಟಳು.

“ಆಮೇಲೆ ರಾಜಕುಮಾರ ಬಂದು ಅವಳನ್ನ ಮದುವೆಯಾದ.”

“ಅಲ್ಲಿಗೆ ಮುಗೀತಾ?”

“ನಾನು ಚಿಕ್ಕೋಳಿದ್ದಾಗ ಅಲ್ಲಿಗೇ ಮುಗೀತಿತ್ತು. ಅದನ್ನ ನಂಬ್ಕೊಂಡೇ ನಿಮ್ಮಪ್ಪನ್ನ ಮದುವೆ ಆದೆ.”

“ಈಗ?”

ಅಮ್ಮ ಮಗಳ ಕಿವಿಗೆ ಬಾಯಿಟ್ಟಳು. ಆದರೂ ದನಿ ಕೊಂಚ ಏರಿಯೇಬಿಟ್ಟಿತು. ಬಹಳ ದಿನಗಳ ಮೇಲೆ ಅವಳಿಗೊಂದು ಕಥೆಯಲ್ಲಿ ನಂಬಿಕೆ ಹುಟ್ಟಿತ್ತು.

“ಈಗ ರಾಜಕುಮಾರ ಬರೋದೇ ಇಲ್ಲ. ರಾಜಕುಮಾರಿ ನಾಳೆ ಬೆಳಗ್ಗೆ ಮಗಳ ಕೈ ಹಿಡ್ಕೊಂಡು ಮೊದಲನೇ ಬಸ್ಸು ಹತ್ತಿ, ಅವರಮ್ಮನ ಮನೆಗೆ ಹೊರಟುಹೋಗ್ತಾಳೆ. ರಾಕ್ಷಸನಿಗೆ ಗೊತ್ತೇ ಆಗಲ್ಲ.”

ಮಗು ಬೆರಳು ಹಿಸುಕುವುದಕ್ಕೂ ಮೊದಲೇ, ಬಾಗಿಲ ಆಚೆಯಿಂದ ಅಪ್ಪ ಮೆಲ್ಲಗೆ, “ಹೂಂ” ಎಂದ.